54ಕ್ಕೆ 54

ಎಲ್ಲ ವಿಷಯದಲ್ಲೂ ನೂರಕ್ಕೆ ನೂರು ತೆಗೆದ ಹುಡುಗನನ್ನು ಮೇಷ್ಟ್ರು ಒಮ್ಮೆ ಕನ್ನಡಕದ ಮೇಲಿಂದ ನೋಡುತ್ತಾರೆ. ಲಂಡನ್ನಿನ ಆಗ್ನೇಯಕ್ಕಿರುವ ಲೂಯಿಷಮ್ ಬರೋವನ್ನು (ಬರೋ ಎಂದರೆ ತನ್ನದೇ ಕೌನ್ಸಿಲ್ ಇರುವ ನಗರದ ಒಂದು ಭಾಗ) ಯಾರೂ ಹಾಗೆ ನೋಡಿದ ಹಾಗಿಲ್ಲ. 2018ರ ಮೇ ತಿಂಗಳಲ್ಲಿ ಅಲ್ಲಿನ ಕೌನ್ಸಿಲ್ಲಿನ 54 ಸ್ಥಾನಗಳ ಪೈಕಿ ಲೇಬರ್ ಪಕ್ಷ ಗೆದ್ದದ್ದು 54. ನಾಲ್ಕು ವರ್ಷ ಕಳೆದು 2022ರಲ್ಲಿ ವಾರ್ಡುಗಳ ಗಡಿಯನ್ನೇ ಹೊಸದಾಗಿ ಎಳೆದು ಮತ್ತೆ ಚುನಾವಣೆ ಮಾಡಿದರು. ಗಡಿ ಬದಲಾಯಿತು, ಫಲಿತಾಂಶ ಬದಲಾಗಲಿಲ್ಲ: ಮತ್ತೆ 54. ಜನ ನೇರವಾಗಿ ಆರಿಸುವ ಮೇಯರ್ ಕೂಡ ಆ ಎರಡೂ ಸಲ ಅದೇ ಪಕ್ಷದವರು. ಥೇಮ್ಸ್ ದಾಟಿ ಪೂರ್ವಕ್ಕೆ ಹೋದರೆ ನ್ಯೂಹ್ಯಾಮ್: 2010, 2014, 2018, ಮೂರು ಸಲವೂ 60ಕ್ಕೆ 60. ಅದರ ಪಕ್ಕದ ಬಾರ್ಕಿಂಗ್ ಅಂಡ್ ಡಾಗೆನಮ್: 2010ರಿಂದ 2022ರವರೆಗೆ ನಾಲ್ಕು ಸಲ 51ಕ್ಕೆ 51.

ಇದರಲ್ಲಿ ಬೂತ್ ವಶವಿಲ್ಲ, ಸೀರೆ ಹಂಚಿಕೆಯಿಲ್ಲ, ಕುಕ್ಕರ್ ಇಲ್ಲ. ಎಲ್ಲವೂ ಕಾನೂನಿನ ಪ್ರಕಾರವೇ ನಡೆದದ್ದು. ತಮಾಷೆ ಇರುವುದೂ ಅಲ್ಲೇ.

ಲೆಕ್ಕ ಹೀಗೆ. ಲಂಡನ್ನಿನ ಬಹುಪಾಲು ವಾರ್ಡುಗಳಿಗೆ ಮೂವರು ಕೌನ್ಸಿಲರುಗಳು. ಮತದಾರನ ಕೈಗೆ ಒಂದೇ ಮತಪತ್ರ, ಅದರಲ್ಲಿ ಮೂರು ಕತ್ತರಿ ಗೆರೆ (X) ಹಾಕುವ ಹಕ್ಕು. ಹೆಚ್ಚು ಮತ ಬಿದ್ದ ಮೊದಲ ಮೂವರು ಗೆದ್ದರು, ಆಟ ಮುಗಿಯಿತು. ಹತ್ತು ಸಾವಿರ ಮತದಾರರ ಒಂದು ವಾರ್ಡ್ ಇದೆ ಅಂದುಕೊಳ್ಳಿ. ಸ್ಥಳೀಯ ಚುನಾವಣೆಗೆ ಮೂವರಲ್ಲಿ ಒಬ್ಬರು ಮನೆಯಿಂದ ಹೊರಟರೆ ಅಲ್ಲಿ ಅದು ಮಾಮೂಲು. ಹಾಗಾಗಿ ಬಂದವರು 3,300. ಎಲ್ಲರೂ ಮೂರೂ ಗೆರೆಯನ್ನು ತಮ್ಮ ಪಕ್ಷಕ್ಕೇ ಎಳೆದರು ಅನ್ನಿ. ಮೊದಲ ಪಕ್ಷದ ಹಿಂದೆ 1,500 ಜನ, ಉಳಿದ ಮೂರು ಪಕ್ಷಗಳ ಹಿಂದೆ 900, 600, 300. ಮೊದಲ ಪಕ್ಷಕ್ಕೆ ಮೂರೂ ಸ್ಥಾನ. ಅದು ಬೇಡ ಅಂದವರು 1,800 ಜನ, ಅವರಿಗೆ ಸೊನ್ನೆ. ಹತ್ತು ಸಾವಿರದಲ್ಲಿ ಒಂದೂವರೆ ಸಾವಿರ ಜನ ಸೇರಿ ಇಡೀ ವಾರ್ಡನ್ನು ಬಾಚಿಕೊಂಡರು. ಇದೇ ಪಾಕವನ್ನು ಹದಿನೆಂಟು ವಾರ್ಡುಗಳಲ್ಲಿ ಇಳಿಸಿದರೆ 54ಕ್ಕೆ 54 ಸಿದ್ಧ.

ಮತಪತ್ರದಲ್ಲಿ ಹೆಸರು ಬರುವುದು ಮನೆತನದ ಹೆಸರಿನ ಅಕ್ಷರಮಾಲೆಯಂತೆ. ಹೀಗಾಗಿ ಒಂದೇ ಪಕ್ಷದ ಮೂವರಲ್ಲೂ ‘ಎ’ಯಿಂದ ಶುರುವಾಗುವವರಿಗೆ ನಾಲ್ಕು ಮತ ಜಾಸ್ತಿ, ‘ಡಬ್ಲ್ಯೂ’ದವರಿಗೆ ನಾಲ್ಕು ಕಮ್ಮಿ ಬೀಳುವುದು ಎಣಿಕೆಯ ಮೇಜಿನವರಿಗೆಲ್ಲ ಗೊತ್ತಿರುವ ಸಂಗತಿ. ಮತದಾರ ಮೇಲಿಂದ ಕೆಳಗೆ ಬರುತ್ತಾ ಸುಸ್ತಾಗುತ್ತಾನೆ. ನಮ್ಮಲ್ಲಿ ಜಾತಿ ನೋಡಿ ಟಿಕೆಟ್ ಕೊಡುತ್ತಾರೆ ಎಂದು ನಗುವವರು ಅಲ್ಲಿ ಅಕ್ಷರ ನೋಡಿ ಕೊಡುವುದು ಒಳ್ಳೆಯದು.

ಮತಗಟ್ಟೆ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಒಳಗೆ ದಾರ ಕಟ್ಟಿದ ಪೆನ್ಸಿಲ್. 2023ರ ಮೇ ತಿಂಗಳಿಂದ ಇಂಗ್ಲೆಂಡಿನ ಸ್ಥಳೀಯ ಚುನಾವಣೆಗಳಲ್ಲಿ ಫೋಟೋ ಇರುವ ಗುರುತುಪತ್ರ ಕಡ್ಡಾಯವಾಯಿತು. ಅರವತ್ತು ದಾಟಿದವರ ಆಯ್ಸ್ಟರ್ ಕಾರ್ಡ್ (ಲಂಡನ್ನಿನ ಬಸ್ಸು, ರೈಲಿನ ಪಾಸು) ನಡೆಯುತ್ತದೆ, ವಿದ್ಯಾರ್ಥಿಯ ಆಯ್ಸ್ಟರ್ ಕಾರ್ಡ್ ನಡೆಯುವುದಿಲ್ಲ. ಎರಡರಲ್ಲೂ ಫೋಟೋ ಇದೆ, ಎರಡೂ ಅದೇ ಬಸ್ಸಿಗೆ ಹತ್ತಿಸುತ್ತವೆ. ಅವಧಿ ಮುಗಿದ ಪಾಸ್‌ಪೋರ್ಟ್ ಆದರೂ ಸರಿ, ಮುಖ ಹೋಲಿದರೆ ಸಾಕು. ಮೊದಲ ವರ್ಷ ಗುರುತುಪತ್ರವಿಲ್ಲದೆ ವಾಪಸಾಗಿ ಮತ್ತೆ ಬಾರದವರು ಸುಮಾರು 14,000 ಎಂದು ಚುನಾವಣಾ ಆಯೋಗವೇ ಹೇಳಿತು. ಈ ಕಾನೂನು ತಂದ ಸರ್ಕಾರದ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ 2024ರ ಮೇ 2ರಂದು ದಕ್ಷಿಣ ಆಕ್ಸ್‌ಫರ್ಡ್‌ಶೈರಿನ ಮತಗಟ್ಟೆಗೆ ಗುರುತುಪತ್ರ ಮರೆತು ಬಂದರು. ಸಿಬ್ಬಂದಿ ವಾಪಸು ಕಳಿಸಿದರು. ಮನೆಗೆ ಹೋಗಿ ತಂದು ಮತ ಹಾಕಿದರಂತೆ. ದೇಶ ನೋಡಿದ ಮುಖ ಮತಗಟ್ಟೆಗೆ ಸಾಲಲಿಲ್ಲ. ಈ ಒಂದು ವಿಷಯದಲ್ಲಿ ಇಂಗ್ಲಿಷರಿಗೆ ಕೈ ಮುಗಿಯಲೇಬೇಕು.

ಕೈ ಮುಗಿಯಬೇಕಾದ ಇನ್ನೊಂದು ಜಾಗ ಎಣಿಕೆಯ ಹಾಲ್. ಕ್ರೀಡಾಂಗಣದ ನೆಲಕ್ಕೆ ಹೊದಿಕೆ ಹಾಸಿ, ಉದ್ದುದ್ದ ಮೇಜು ಜೋಡಿಸಿ, ಪೆಟ್ಟಿಗೆ ಸುರಿಯುತ್ತಾರೆ. ಮೊದಲು ಯಾರಿಗೆ ಎಷ್ಟು ಎಂಬ ಮಾತೇ ಇಲ್ಲ. ಪೆಟ್ಟಿಗೆಯಲ್ಲಿರುವ ಹಾಳೆಗಳ ಸಂಖ್ಯೆ, ಮತಗಟ್ಟೆಯ ಅಧಿಕಾರಿ ಬರೆದು ಕಳಿಸಿದ ಲೆಕ್ಕದ ಜೊತೆ ತಾಳೆಯಾಗಬೇಕು. ಹಾಳೆಯ ಮುಖ ಮೇಲೇ ಇರಬೇಕು, ಯಾಕೆಂದರೆ ಬೆನ್ನಲ್ಲಿ ಕ್ರಮಸಂಖ್ಯೆ ಇದೆ, ಅದನ್ನು ಯಾರೂ ನೋಡಬಾರದು. ಒಂದು ಹಾಳೆ ಕಮ್ಮಿ ಬಂದರೆ ಪೆಟ್ಟಿಗೆಯ ತಳ ತಡಕುತ್ತಾರೆ, ಒಂದಕ್ಕೊಂದು ಅಂಟಿಕೊಂಡಿದೆಯೇ ಎಂದು ಕೊಡವುತ್ತಾರೆ, ಒಂದೇ ಹಾಲಿನಲ್ಲಿದ್ದ ಪಕ್ಕದ ಮತಗಟ್ಟೆಯ ಪೆಟ್ಟಿಗೆಗೆ ಬಿದ್ದಿದೆಯೇ ಎಂದು ಹುಡುಕುತ್ತಾರೆ. ಕೊನೆಗೂ ಸಿಗದಿದ್ದರೆ ಯಾರೋ ಪುಣ್ಯಾತ್ಮ ಅದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿದ್ದಾನೆ ಎಂದರ್ಥ.

ಆಮೇಲೆ ವಿಂಗಡಣೆ. ಮೂರೂ ಗೆರೆ ಒಂದೇ ಪಕ್ಷದ ಮೂವರಿಗೆ ಬಿದ್ದಿದ್ದರೆ ಅದು ಸುಲಭದ ಹಾಳೆ. ಇಪ್ಪತ್ತೈದರ ಕಟ್ಟು ಕಟ್ಟಿ ಪಕ್ಕಕ್ಕಿಡಬಹುದು. ರಗಳೆ ಶುರುವಾಗುವುದು ಒಂದು ಗೆರೆ ಹಸಿರು ಪಕ್ಷಕ್ಕೆ, ಒಂದು ಪರಿಚಯದ ಡಾಕ್ಟರಿಗೆ, ಇನ್ನೊಂದು ಯಾರಿಗೂ ಇಲ್ಲ ಎಂದು ಬಿಟ್ಟ ಮಹಾನುಭಾವರಿಂದ. ಇಂಥ ಮಿಶ್ರ ಹಾಳೆಗಳಿಗೊಂದು ವಿಧಾನವಿದೆ, ಅದಕ್ಕೆ ಅಲ್ಲಿಯವರು ಇಟ್ಟ ಹೆಸರು ‘ಹುಲ್ಲಿನ ಲಂಗ’. ದೊಡ್ಡ ಹಾಳೆಯೊಂದಕ್ಕೆ ಅಂಟಿನ ಪಟ್ಟಿ. ಅದರ ಮೇಲೆ ಮತಪತ್ರಗಳನ್ನು ಒಂದರ ಮೇಲೊಂದು, ಹೆಂಚು ಹೊದಿಸಿದ ಹಾಗೆ, ಗೆರೆ ಹಾಕುವ ಚೌಕಗಳ ಸಾಲು ಮಾತ್ರ ಕಾಣುವಂತೆ ಅಂಟಿಸುತ್ತಾ ಹೋಗುತ್ತಾರೆ. ಎತ್ತಿ ಹಿಡಿದರೆ ಹುಲ್ಲಿನ ಲಂಗದ ಹಾಗೆ ಜೋತಾಡುತ್ತದೆ. ಈಗ ಒಬ್ಬೊಬ್ಬ ಅಭ್ಯರ್ಥಿಯ ಸಾಲಿಗೆ ರೂಲುದೊಣ್ಣೆ ಇಟ್ಟು ಎಡದಿಂದ ಬಲಕ್ಕೆ ಗೆರೆ ಎಣಿಸಬೇಕು. 25 ಹಾಳೆಯ ಲಂಗದಲ್ಲಿ 75 ಮತ ಇರಬೇಕು. ಎಣಿಸಿದಾಗ 61 ಬಂದರೆ, ಬಳಸದೆ ಬಿಟ್ಟ ಮತ 14 ಸಿಗಲೇಬೇಕು. 13 ಬಂದರೆ ಮತ್ತೆ ಮೊದಲಿಂದ. ರಾತ್ರಿ ಮೂರು ಗಂಟೆಗೆ ಲೆಕ್ಕ ತಪ್ಪುವುದು ಬಹಳ ಸಲ ಈ ‘ಬಿಟ್ಟ ಮತ’ದಲ್ಲೇ: ಹಾಕಿದ್ದು ಕಣ್ಣಿಗೆ ಕಾಣುತ್ತದೆ, ಹಾಕದೇ ಇದ್ದದ್ದು ಕಾಣುವುದಿಲ್ಲ.

ನಾಲ್ಕು ಗೆರೆ ಎಳೆದರೆ ಆ ಹಾಳೆ ತಿರಸ್ಕೃತ. ಸಹಿ ಹಾಕಿದರೂ ತಿರಸ್ಕೃತ, ಯಾರದೆಂದು ಗೊತ್ತಾಗುತ್ತದಲ್ಲ. ಚೌಕದೊಳಗೆ ನಗುಮುಖ ಬರೆದರೆ? ಸಿಂಧು. ಉದ್ದೇಶ ಸ್ಪಷ್ಟವಾಗಿದ್ದರೆ ಸಾಕು. ಇಂಥ ಸಂಶಯದ ಹಾಳೆಗಳನ್ನು ಚುನಾವಣಾಧಿಕಾರಿ ಒಂದೊಂದಾಗಿ ಎತ್ತಿ ತೋರಿಸುತ್ತಾರೆ, ಬಣ್ಣಬಣ್ಣದ ಬಟ್ಟೆ ಹೂವು ಸಿಕ್ಕಿಸಿಕೊಂಡ ಏಜೆಂಟರು ಕತ್ತು ಚಾಚಿ ನೋಡುತ್ತಾರೆ. ಮತ ಸಮವಾದರೆ ಚೀಟಿ. 2017ರಲ್ಲಿ ನಾರ್ಥಂಬರ್‌ಲ್ಯಾಂಡ್‌ನಲ್ಲಿ (ಅದು ಬರೋ ಅಲ್ಲ, ಕೌಂಟಿ, ಸಂಪ್ರದಾಯ ಒಂದೇ) ಸೌತ್ ಬ್ಲೈತ್ ವಾರ್ಡಿನಲ್ಲಿ ಇಬ್ಬರಿಗೂ 356 ಮತ ಬಂದು ಕಡ್ಡಿ ಎಳೆಸಿದರು. ಉದ್ದ ಕಡ್ಡಿ ಲಿಬರಲ್ ಡೆಮಾಕ್ರಟರ ಕೈಗೆ ಬಂತು. 67ರ ಸಭೆಯಲ್ಲಿ ಕನ್ಸರ್ವೇಟಿವರು 33ಕ್ಕೆ ನಿಂತು, ಒಂದು ಕಡ್ಡಿಯಷ್ಟು ದೂರದಲ್ಲಿ ಬಹುಮತ ತಪ್ಪಿತು. ನಮ್ಮ ಪತ್ರಿಕೆಯವರಿಗೆ ಬೇಸರ ತರುವ ಸಂಗತಿಯೂ ಒಂದಿದೆ: ಅಲ್ಲಿ ಕೌನ್ಸಿಲ್ ಚುನಾವಣೆಗೆ ಠೇವಣಿಯೇ ಇಲ್ಲ. ಎಷ್ಟೇ ಹೀನಾಯವಾಗಿ ಸೋತರೂ ‘ಠೇವಣಿ ಜಪ್ತಿ’ ಎಂಬ ತಲೆಬರಹ ಹಾಕುವ ಹಾಗಿಲ್ಲ.

ಅಂತೂ ಎಣಿಸುವಾಗ ಚಿನ್ನದಂಗಡಿಯ ತಕ್ಕಡಿ. ಒಂದು ಗೆರೆ ಕಳೆದುಹೋದರೆ ಇಡೀ ಮೇಜು ಬೆವರುತ್ತದೆ. ಹಾಗೆ ಗುಂಜಿ ಗುಂಜಿ ತೂಗಿದ್ದನ್ನು ಹಂಚುವಾಗ ಮಾತ್ರ ಅರ್ಧಕ್ಕರ್ಧ ಚರಂಡಿಗೆ. ಆ 1,800 ಜನರ ಗೆರೆಗಳನ್ನು ಲಂಗ ಹೊಲಿದು, ರೂಲುದೊಣ್ಣೆ ಹಿಡಿದು ಎಣಿಸಿದ್ದು ಯಾವ ಪುರುಷಾರ್ಥಕ್ಕೆ ಎಂದು ಕೇಳಬಾರದು.

ಇಂಗ್ಲಿಷರಿಗೆ ಪಾಲು ಹಂಚುವ ವಿದ್ಯೆ ಗೊತ್ತಿಲ್ಲ ಅಂತಲ್ಲ. 1989ರ ಸ್ಥಳೀಯ ಆಡಳಿತ ಮತ್ತು ವಸತಿ ಕಾಯ್ದೆ ಬಹಳ ಕಟ್ಟುನಿಟ್ಟಾಗಿ ಹೇಳುತ್ತದೆ: ಕೌನ್ಸಿಲ್ಲಿನ ಸಮಿತಿಗಳಲ್ಲಿ ಸ್ಥಾನಗಳನ್ನು ಪಕ್ಷಗಳ ಬಲಕ್ಕೆ ತಕ್ಕ ಅನುಪಾತದಲ್ಲೇ ಹಂಚಬೇಕು. ಬಲ ಎಂದರೆ ಬಿದ್ದ ಮತವಲ್ಲ, ಗೆದ್ದ ಕುರ್ಚಿ. ಅಂದರೆ ಬಾಗಿಲ ಹೊರಗೆ ಅನುಪಾತ ಅಧರ್ಮ, ಒಳಗೆ ಬಂದ ಮೇಲೆ ಅನುಪಾತ ಕಡ್ಡಾಯ. ಲೂಯಿಷಮ್ಮಿನ ಅಧಿಕಾರಿಗಳಿಗೆ 2018ರಲ್ಲಿ ಈ ಗಣಿತ ಎಷ್ಟು ಸುಲಭವಾಗಿರಬೇಕು! ನೂರಕ್ಕೆ ನೂರರ ಅನುಪಾತ ಎಂದರೆ ನೂರು. ಗಡಿಯಾಚೆಯ ಸ್ಕಾಟ್ಲೆಂಡಿನವರು 2007ರಿಂದ ತಮ್ಮ ಕೌನ್ಸಿಲ್ಲುಗಳಿಗೆ 1, 2, 3 ಎಂದು ಆದ್ಯತೆ ಬರೆಯುವ ಪದ್ಧತಿಯಲ್ಲಿ ಮತ ಹಾಕುತ್ತಿದ್ದಾರೆ, ಯಾರ ಬುದ್ಧಿಗೂ ಏನೂ ಆಗಿಲ್ಲ.

ಇನ್ನು ಪರಿಶೀಲನಾ ಸಮಿತಿ. 2000ದ ಕಾಯ್ದೆಯ ಪ್ರಕಾರ ಮೇಯರ್ ಮತ್ತು ಸಂಪುಟದ ತೀರ್ಮಾನಗಳನ್ನು ಕೆದಕಿ ಪ್ರಶ್ನೆ ಕೇಳಲು ಉಳಿದ ಕೌನ್ಸಿಲರುಗಳ ಸಮಿತಿ ಇರಲೇಬೇಕು. ತೀರ್ಮಾನ ಜಾರಿಯಾಗುವ ಮೊದಲು ‘ತಡೆಯಿರಿ, ಮತ್ತೆ ನೋಡಿ’ ಎಂದು ವಾಪಸು ಕರೆಸುವ ಅಧಿಕಾರವೂ ಅದಕ್ಕಿದೆ. ಎಲ್ಲರೂ ಒಂದೇ ಪಕ್ಷದವರಾದಾಗ ಇದು ಹೇಗಿರುತ್ತದೆ? ಸೋಮವಾರ ಸಂಜೆ ಪಕ್ಷದ ಸಭೆಯಲ್ಲಿ ಕೈ ಎತ್ತಿ ಒಪ್ಪಿದ್ದನ್ನು ಬುಧವಾರ ಸಂಜೆ ಅದೇ ಮುಖಗಳು ಹುಬ್ಬು ಗಂಟಿಕ್ಕಿ ಪ್ರಶ್ನಿಸಬೇಕು. ಮುಂದಿನ ವರ್ಷ ಸಂಪುಟದಲ್ಲಿ ಸ್ಥಾನ ಬೇಕಾದವರು ಎಷ್ಟು ಗಂಟಿಕ್ಕಿಯಾರು? ಸಂಪುಟದ ಕುರ್ಚಿಗೆ ವಿಶೇಷ ಭತ್ಯೆ ಉಂಟು, ಆ ಹೆಸರುಗಳು ಬರುವುದು ಮೇಯರ್ ಕೈಯಿಂದ. ನೆಲ್ಲಿಕಾಯಿ ತಿನ್ನುವವನನ್ನೇ ಉಪ್ಪಿನ ಕಾವಲಿಗೆ ಕೂರಿಸಿದ ಹಾಗೆ.

ಒಂದೇ ಪಕ್ಷದ ಕಾಯಿಲೆ ಲೇಬರಿನದು ಮಾತ್ರವಲ್ಲ. ಥೇಮ್ಸ್ ಮೇಲ್ದಂಡೆಯ ಸಿರಿವಂತ ರಿಚ್ಮಂಡ್‌ನಲ್ಲಿ 2022ರಲ್ಲಿ 54ರಲ್ಲಿ ಲಿಬರಲ್ ಡೆಮಾಕ್ರಟರಿಗೆ 48, ಹಸಿರು ಪಕ್ಷಕ್ಕೆ 5, ಕನ್ಸರ್ವೇಟಿವರಿಗೆ 1. ಮತದಲ್ಲಿ ಸರಿಯಾದ ಪಾಲು ಹಂಚಬೇಕೆಂದು ದೇಶದಲ್ಲೇ ಅತಿ ಹೆಚ್ಚು ಗಂಟಲು ಹರಿದುಕೊಂಡ ಪಕ್ಷಕ್ಕೆ ಬಂದ ಪಾಲು ಇದು. ಬೇಡ ಎಂದು ವಾಪಸು ಕೊಟ್ಟ ವರದಿಯಿಲ್ಲ. ಆ ಒಂಟಿ ಕನ್ಸರ್ವೇಟಿವರ ಪಾಡು ಇನ್ನೂ ವಿಚಿತ್ರ. ನಿಯಮದಲ್ಲಿ ‘ಗುಂಪು’ ಎನಿಸಿಕೊಳ್ಳಲು ಕನಿಷ್ಠ ಇಬ್ಬರು ಬೇಕು. ಒಬ್ಬರೇ ಇದ್ದರೆ ನಾಯಕರೂ ಅಲ್ಲ, ಅನುಯಾಯಿಯೂ ಅಲ್ಲ.

ನಮ್ಮವರಿಗೂ ಇಲ್ಲೊಂದು ಪಾಲಿದೆ. ಕಾಮನ್‌ವೆಲ್ತ್ ದೇಶದ ಪ್ರಜೆ ಎಂಬ ಕಾರಣಕ್ಕೆ, ಅಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತೀಯ ಪಾಸ್‌ಪೋರ್ಟಿನವರೂ ಪಟ್ಟಿಯಲ್ಲಿ ಹೆಸರು ಬರೆಸಿ ಮತ ಹಾಕಬಹುದು. ಬೆಂಗಳೂರಿನಲ್ಲಿ ಒಮ್ಮೆಯೂ ಮತಗಟ್ಟೆಯ ಮೆಟ್ಟಿಲು ಹತ್ತದವರು ಅಲ್ಲಿ ಸರದಿಯಲ್ಲಿ ನಿಂತು ಫೋಟೋ ಹಾಕುವುದಕ್ಕೆ ಇದೇ ಆಧಾರ. ಗುರುತಿಗೆ ಆ ಪಾಸ್‌ಪೋರ್ಟೇ ಸಾಕು. ಲೂಯಿಷಮ್ಮಿನಿಂದ ಪಶ್ಚಿಮಕ್ಕೆ ಸದರ್ಕ್ ದಾಟಿದರೆ ಲ್ಯಾಂಬೆತ್. 2010ರಲ್ಲಿ ಅಲ್ಲಿನ ಮೇಯರ್ ಆದವರು ಕಲಬುರಗಿ ಕಡೆಯ ನೀರಜ್ ಪಾಟೀಲ. ಅವರ ಓಡಾಟದಿಂದ ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ನಿಂತಿತು; 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಮೇಯರ್ ಎಂದರೆ ಅಲ್ಲಿ ಎರಡು ಜಾತಿ ಎಂಬುದನ್ನು ಇಲ್ಲೇ ಹೇಳಿಬಿಡಬೇಕು: ಲ್ಯಾಂಬೆತ್ತಿನವರದು ಕೊರಳಿಗೆ ಸರ, ಲೂಯಿಷಮ್ಮಿನವರದು ಕೈಗೆ ಖಜಾನೆ. ಅನುಭವ ಮಂಟಪದಲ್ಲಿ ಎದುರು ಮಾತಾಡುವವರಿಗೇ ಮಣೆ ಇತ್ತು ಎಂದು ಓದುತ್ತೇವೆ. ಅಣ್ಣ ಕಲ್ಯಾಣದಿಂದ ಅಷ್ಟು ದೂರ ಹೋಗಿಯೂ ಎರಡು ಬರೋ ಆಚೆಯ ಸುದ್ದಿ ತಿಳಿದಿಲ್ಲವೇನೋ.

ವಿರೋಧ ಪಕ್ಷವಿಲ್ಲದ ಕೌನ್ಸಿಲ್ಲಿಗೆ ಒಂದು ದೊಡ್ಡ ಪ್ರಾಯೋಗಿಕ ತೊಂದರೆಯಿದೆ. ರಸ್ತೆಯ ಗುಂಡಿ, ಎರಡು ವಾರಕ್ಕೊಮ್ಮೆ ಬರುವ ಕಸದ ಲಾರಿ, ಮುಚ್ಚಿದ ಗ್ರಂಥಾಲಯ, ಏರಿದ ಕೌನ್ಸಿಲ್ ತೆರಿಗೆ, ಇವಕ್ಕೆಲ್ಲ ಯಾರನ್ನಾದರೂ ತೋರಿಸಬೇಕಲ್ಲ. ಕೋತಿ ಮೊಸರನ್ನ ತಿಂದ ಮೇಲೆ ಒರೆಸಲು ಮೇಕೆಯ ಬಾಯಿ ಬೇಕು. ಸಭೆಯೊಳಗೆ ಮೇಕೆ ಇಲ್ಲದಿದ್ದರೂ ಹದಿನಾಲ್ಕು ವರ್ಷ ಚಿಂತೆಯಿರಲಿಲ್ಲ. ವೆಸ್ಟ್‌ಮಿನ್‌ಸ್ಟರಿನಲ್ಲಿ, ಅಂದರೆ ದೇಶದ ಸರ್ಕಾರದಲ್ಲಿ, ಕನ್ಸರ್ವೇಟಿವ್ ಮೇಕೆಯೊಂದನ್ನು ಕಟ್ಟಿಹಾಕಿತ್ತು, ಅನುದಾನ ಕತ್ತರಿಸಿದವರು ಅವರು ಎಂದರೆ ಮುಗಿಯುತ್ತಿತ್ತು, ಅದರಲ್ಲಿ ನಿಜವೂ ಸಾಕಷ್ಟಿತ್ತು. 2024ರ ಜುಲೈನಲ್ಲಿ ಆ ಮೇಕೆಯನ್ನೂ ಲೇಬರ್ ಪಕ್ಷವೇ ಕೊಂಡುಕೊಂಡಿತು.