ಏಣಿ ಜಾರುತ್ತದೆ, ಬೆಲೆ ಜಾರುವುದಿಲ್ಲ

ಕರಿಮೆಣಸಿನ ಕೊಯ್ಲು ಶುರುವಾದರೆ ಕೊಡಗಿನಲ್ಲಿ ಎರಡು ವ್ಯಾಪಾರ ಚುರುಕಾಗುತ್ತವೆ. ಒಂದು ಮೆಣಸಿನದು. ಇನ್ನೊಂದು, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದವರ ಮೂಳೆಯದು. ಮೆಣಸಿನ ದರ ಬೆಳಿಗ್ಗೆಯೇ ಮೊಬೈಲಿಗೆ ಬರುತ್ತದೆ. ಮೂಳೆಗೆ ಹಾಕಿದ ಲೋಹದ ದರ ತಿಳಿಯುವುದು ಡಿಸ್ಚಾರ್ಜ್ ದಿನ, ಬಿಲ್ಲಿನ ಒಂದೇ ಸಾಲಿನಲ್ಲಿ: ‘ಇಂಪ್ಲಾಂಟ್ – 1 ಸೆಟ್’. ಎಷ್ಟು ಸ್ಕ್ರೂ, ಯಾವ ಲೋಹ, ಯಾವ ಕಂಪನಿ? ಸೆಟ್ ಅಂದ ಮೇಲೆ ಮುಗಿಯಿತು, ದೋಸೆಗೆ ಚಟ್ನಿ ಎಷ್ಟು ಚಮಚ ಅಂತ ಯಾರಾದರೂ ಕೇಳುತ್ತಾರೆಯೇ?

ಸರ್ಕಾರ ಕಣ್ಣು ಮುಚ್ಚಿ ಕೂತಿಲ್ಲ, ಅದನ್ನು ಹೊಗಳಲೇಬೇಕು. 2017ರ ಆಗಸ್ಟ್‌ನಲ್ಲಿ ಕೃತಕ ಮಂಡಿಗೆ ಗರಿಷ್ಠ ಬೆಲೆ ಕಟ್ಟಿತು. ಸರಾಸರಿ 1.58 ಲಕ್ಷ ರೂಪಾಯಿ ಎಂಆರ್‌ಪಿ ಇದ್ದ ಕೋಬಾಲ್ಟ್-ಕ್ರೋಮಿಯಂ ಮಂಡಿ, ಜಿಎಸ್‌ಟಿ ಬಿಟ್ಟು 54,720ಕ್ಕೆ ಇಳಿಯಿತು. ಒಂದು ಲಕ್ಷ ರಾತ್ರೋರಾತ್ರಿ ಕರಗಿದರೂ ಮಂಡಿ ಮಾರುವುದನ್ನು ಕಂಪನಿಗಳು ಬಿಡಲಿಲ್ಲ. ಆದರೆ ಮುರಿದ ಮೂಳೆಗೆ ಹಾಕುವ ಪ್ಲೇಟು, ರಾಡು, ಸ್ಕ್ರೂಗಳಿಗೆ ಅಂಥ ಮಿತಿಯಿಲ್ಲ. ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದು, ಅಷ್ಟೇ. ಎಲ್ಲಿಂದ ಏರಿಸಲು ಶುರುಮಾಡಬೇಕು ಅನ್ನುವುದು ಕಂಪನಿಯ ಇಷ್ಟ.

ಇದರ ನ್ಯಾಯ ನೋಡಿ. ಸವೆದ ಮಂಡಿಯವರು ಆರು ತಿಂಗಳು ಕಾಯಬಲ್ಲರು, ನಾಲ್ಕು ಆಸ್ಪತ್ರೆ ವಿಚಾರಿಸಬಲ್ಲರು. ಅವರಿಗೆ ಬೆಲೆ ಮಿತಿ ಸಿಕ್ಕಿತು. ತೋಟದ ಜೀಪಿನಲ್ಲಿ ಮಲಗಿ ಮೈಸೂರಿಗೆ ನೂರು ಚಿಲ್ಲರೆ ಕಿಲೋಮೀಟರ್ ನರಳಿಕೊಂಡು ಹೋದವನು ಚೌಕಾಸಿ ಮಾಡಲಿ ಅಂತ ಬಿಟ್ಟುಬಿಟ್ಟರು.

ಬೆಲೆಯ ಮಾತು ಬಂತಲ್ಲ, ಕಾಫಿ ಬೆಳೆಗಾರರ ಗೋಳು ಗೊತ್ತೇ ಇದೆ. ರೊಬಸ್ಟಾಗೆ ಲಂಡನ್ ಮಾರುಕಟ್ಟೆ ನೋಡಬೇಕು, ಅರೇಬಿಕಾಗೆ ನ್ಯೂಯಾರ್ಕ್. ಸೋಮವಾರಪೇಟೆಯಲ್ಲಿ ಮಳೆ ಬಂದರೂ ಬಾರದಿದ್ದರೂ ದರ ಕಟ್ಟುವವರು ಕಡಲಾಚೆಯವರು. ಬೈಯುತ್ತೇವೆ, ಬೈಯೋಣ. ಆದರೂ ಅಲ್ಲಿ ಒಂದು ದರವಿದೆ, ಒಣ ಕಾಯಿಯಲ್ಲಿ ಎಷ್ಟು ಬೇಳೆ ಅನ್ನುವ ಔಟ್‌ಟರ್ನ್ ಲೆಕ್ಕವಿದೆ, ತೇವಾಂಶ ಅಳೆಯುವ ಮೀಟರಿದೆ. ಸ್ಕ್ರೂಗೆ ಯಾವ ಲಂಡನ್ನೂ ಇಲ್ಲ.

‘ಎಷ್ಟು ಸ್ಕ್ರೂ ಬೇಕಾಗುತ್ತದೆ ಅಂತ ಮೊದಲೇ ಹೇಳಕ್ಕಾಗಲ್ಲ’ ಎನ್ನುವ ಆಸ್ಪತ್ರೆಯವರ ಉತ್ತರ ಅರ್ಧ ಸತ್ಯ. ಆಪರೇಷನ್ ದಿನ ಬೆಳಿಗ್ಗೆ ಇಂಪ್ಲಾಂಟ್ ಡೀಲರ್ ಕಡೆಯ ಹುಡುಗ ಪೆಟ್ಟಿಗೆ ತರುತ್ತಾನೆ. ಅದರಲ್ಲಿ ಎರಡೆರಡು ಮಿಲಿಮೀಟರ್ ಅಂತರದ ಉದ್ದದಲ್ಲಿ ಸ್ಕ್ರೂಗಳ ಸಾಲು. ಆಟೋಕ್ಲೇವ್‌ಗೆ ಹಾಕಿ ಹಬೆಯಲ್ಲಿ ಕ್ರಿಮಿ ಕೊಂದು, ಮೂಳೆ ಕೊರೆದು, ತೂತಿನ ಆಳ ಅಳೆದು ಹೊಂದುವುದನ್ನು ಹಾಕುತ್ತಾರೆ. ಉಳಿದದ್ದು ಪೆಟ್ಟಿಗೆಯೊಡನೆ ವಾಪಸ್. ಸಂಖ್ಯೆ ಮೊದಲೇ ಗೊತ್ತಾಗದು, ಒಪ್ಪಿದೆ. ಒಂದು ಸ್ಕ್ರೂಗೆ ಎಷ್ಟು ಅನ್ನುವುದು ಗೊತ್ತಾಗದೆ ಏನು? ಆಪರೇಷನ್ ನಂತರದ ಎಕ್ಸ್‌ರೇ ಹಿಡಿದು ಬಿಳಿ ಗೆರೆ ಎಣಿಸಿ. ಒಂದರ ಹಿಂದೊಂದು ಅಡಗಿರುತ್ತವೆ, ಹಾಗಾಗಿ ಎದುರಿನದು, ಪಕ್ಕದ್ದು ಎರಡೂ ಫಿಲ್ಮ್ ಬೇಕು. ಎಕ್ಸ್‌ರೇಯಲ್ಲಿ ಏಳು, ಬಿಲ್ಲಿನಲ್ಲಿ ಒಂಬತ್ತು ಇದ್ದರೆ ಕೇಳಿ. ಉದ್ದ ಸರಿಹೋಗದೆ ತೆಗೆದ ಸ್ಕ್ರೂ ಮತ್ತೊಬ್ಬರಿಗೆ ಹಾಕುವಂತಿಲ್ಲ, ಆದ್ದರಿಂದ ಉತ್ತರ ನ್ಯಾಯವಾಗಿಯೇ ಇರಬಹುದು. ಆದರೆ ಉತ್ತರ ಇರಬೇಕು.

ಇನ್ನು ಟೈಟಾನಿಯಂ ಪುರಾಣ. ‘ಸ್ಟೀಲ್ ಹಾಕಿದರೆ ಮುಂದೆ ಎಂಆರ್‌ಐ ಆಗಲ್ಲ’ ಎಂದು ಆಸ್ಪತ್ರೆಯವರು ಹೇಳಿದ ಕೂಡಲೇ, ದುಬಾರಿ ಟೈಟಾನಿಯಂಗಾಗಿ ಮನೆಯವರು ಒಡವೆ ಬಿಚ್ಚುತ್ತಾರೆ. ಮೂಳೆಗೆ ಹಾಕುವ 316ಎಲ್ ಸ್ಟೀಲನ್ನು ಅಯಸ್ಕಾಂತ ಎಳೆಯುವುದಿಲ್ಲ. ಸಾಮಾನ್ಯವಾಗಿ ಎಂಆರ್‌ಐ ಮಾಡಬಹುದು, ಲೋಹದ ಸುತ್ತಲಿನ ಚಿತ್ರ ಹೆಚ್ಚು ಮಸುಕಾಗುತ್ತದೆ ಅಷ್ಟೆ. ಈ ಸ್ಟೀಲಿನಲ್ಲಿ ನಿಕಲ್ ಇರುವುದರಿಂದ ನಿಕಲ್ ಅಲರ್ಜಿ ಇದ್ದವರಿಗೆ ಟೈಟಾನಿಯಂ ಬೇಕು, ಸರಿ. ಕಾಲಿನ ಸಾಧಾರಣ ಮುರಿತಕ್ಕೆ ಸ್ಟೀಲ್ ಪ್ಲೇಟೂ ಸಾಕು. ಮೂಳೆ ಕೂಡದಿದ್ದರೆ ಯಾವ ಲೋಹವೂ ಬಳಲಿ ಮುರಿಯುತ್ತದೆ, ದುಬಾರಿಯದಕ್ಕೂ ವಿನಾಯಿತಿಯಿಲ್ಲ.

ತಮಾಷೆ ಸಾಕು. ತೋಟದ ಲೈನ್ ಮನೆಯಲ್ಲಿರುವ ಕೂಲಿಯವನ ಕಾಲು ಮುರಿದರೆ ಸಾಹುಕಾರರು ಕೊಟ್ಟ ಅಡ್ವಾನ್ಸ್ ಮುಂದಿನ ಕೂಲಿಯಲ್ಲಿ ಮುರಿಯುತ್ತದೆ. ಏನಕ್ಕೆ ಕೊಟ್ಟೆ ಎಂದು ತಿಳಿಯುವ ಹಕ್ಕೂ ಅವನಿಗಿಲ್ಲವೆಂದರೆ ಅದು ಚಿಕಿತ್ಸೆಯಲ್ಲ, ಸುಲಿಗೆ. ಕಂಪನಿ, ಲೋಹ, ಬ್ಯಾಚ್ ನಂಬರ್, ಒಂದೊಂದರ ಬೆಲೆ. ನಾಲ್ಕು ಸಾಲು ಬರೆಯಲು ಯಾವ ಕಾನೂನು ಬೇಕು?

ಕಂಪನಿಯ ಹೆಸರು, ಬ್ಯಾಚ್ ನಂಬರ್ ಜೋಪಾನ ಮಾಡಿ. ಮುಂದೆ ಪ್ಲೇಟ್ ತೆಗೆಸುವಾಗ ಯಾವ ಕಂಪನಿಯದು ಎಂದು ತಿಳಿಯದಿದ್ದರೆ ಸರಿಯಾದ ಸ್ಕ್ರೂಡ್ರೈವರ್ ಸಿಗುವುದಿಲ್ಲ. ಟೈಟಾನಿಯಂ ಲಾಕಿಂಗ್ ಸ್ಕ್ರೂ, ಅಂದರೆ ತಲೆಯೂ ಪ್ಲೇಟಿನ ತೂತಿಗೆ ತಿರುಪಿ ಕೂರುವಂಥದ್ದು, ಆದರೆ ಪ್ಲೇಟಿಗೇ ಕಚ್ಚಿಕೊಂಡು, ತಿರುಗಿಸಿದರೆ ತಲೆ ಸವೆಯುತ್ತದೆ. ಆಮೇಲೆ ಕೊರೆದೇ ತೆಗೆಯಬೇಕು. ಆ ಸಲಕರಣೆ ಬೇರೆ ಪೆಟ್ಟಿಗೆಯಲ್ಲಿ ಬರುತ್ತದೆ, ಅದರ ಬಾಡಿಗೆಯೂ ರೋಗಿಯ ತಲೆಗೇ.