ರಾತ್ರಿ ಒಂಬತ್ತರ ಮುಹೂರ್ತ

ಮುಹೂರ್ತ ನೋಡುವ ಚಟ ನಮಗೆ ಮಾತ್ರ ಇದೆ ಎಂದು ಹಳಿಯುವವರು 2001ರ ಆಗಸ್ಟ್ 9ರ ಅಮೆರಿಕವನ್ನೊಮ್ಮೆ ನೆನೆಯಬೇಕು. ಅಂದು ಗುರುವಾರ. ಟೆಕ್ಸಾಸ್‌ನ ಕ್ರಾಫರ್ಡ್‌ನಲ್ಲಿರುವ ತಮ್ಮ ತೋಟದ ಮನೆಯಿಂದ ಅಧ್ಯಕ್ಷ ಜಾರ್ಜ್ ಬುಷ್ ಟೀವಿಯಲ್ಲಿ ಕಾಣಿಸಿಕೊಂಡು, ಮಾನವ ಭ್ರೂಣದ ಕಾಂಡಕೋಶಗಳ (ಮೈಯ ಯಾವ ಬಗೆಯ ಕೋಶವಾದರೂ ಆಗಬಲ್ಲ ಎಳೆಯ ಕೋಶಗಳ) ಸಂಶೋಧನೆಗೆ ಸರ್ಕಾರದ ಹಣ ಯಾವಾಗ ಸಲ್ಲುತ್ತದೆ ಎಂದು ಅಪ್ಪಣೆ ಕೊಡಿಸಿದರು. ವಾಷಿಂಗ್ಟನ್ನಿನ ಗಡಿಯಾರದಲ್ಲಿ ಆ ರಾತ್ರಿ ಒಂಬತ್ತು ಹೊಡೆಯುವ ಮೊದಲೇ ಭ್ರೂಣದಿಂದ ಕೋಶ ತೆಗೆಯುವ ಕೆಲಸ ಶುರುವಾಗಿದ್ದರೆ ಅನುದಾನ. ಒಂಬತ್ತರ ಮೇಲೆ ಒಂದು ನಿಮಿಷವಾದರೂ ಪಾಪ. ನಮ್ಮ ಜೋಯಿಸರು ತಿಥಿ, ನಕ್ಷತ್ರ, ಯೋಗ, ಕರಣ ಎಂದು ನಾಲ್ಕು ಕಾರಣ ಕೊಟ್ಟಾದರೂ ದಕ್ಷಿಣೆ ಕೇಳುತ್ತಾರೆ. ಇಲ್ಲಿದ್ದ ಕಾರಣ ಒಂದೇ: ಭಾಷಣ ಶುರುವಾದದ್ದು ಒಂಬತ್ತಕ್ಕೆ.

ಇಷ್ಟೆಲ್ಲ ಯಾರ ಮೇಲೆ ಎಂದು ನೋಡಿ. ಐದನೇ ದಿನದ ಭ್ರೂಣವೆಂದರೆ ನೂರು ಚಿಲ್ಲರೆ ಕೋಶಗಳ, ಸೂಜಿಮೊನೆಯಷ್ಟರ ಟೊಳ್ಳು ಗುಳ್ಳೆ. ಅದರ ಹೊರಗೋಡೆಯ ಕೋಶಗಳು ಮಾಸಿನ ಕಡೆಗೆ ಹೋಗುತ್ತವೆ. ಒಳಗೆ ಒಂದು ಬದಿಗೆ ಅಂಟಿಕೊಂಡ ಪುಟ್ಟ ಗುಂಪಿನಿಂದ ಮಗುವಿನ ಮೈ ಮೂಡುತ್ತದೆ. ಕಾಂಡಕೋಶಗಳನ್ನು ತೆಗೆಯುವುದು ಈ ಗುಂಪಿನಿಂದಲೇ. ತೆಗೆದರೆ ಭ್ರೂಣ ಉಳಿಯುವುದಿಲ್ಲ, ತಕರಾರೆಲ್ಲ ಅದಕ್ಕೇ. ಯಾವ ಕೋಶ ಏನಾಗಬೇಕು ಎಂಬುದು ಬಹುಮಟ್ಟಿಗೆ ಅದು ಕೂತ ಜಾಗದಿಂದ ತೀರ್ಮಾನವಾಗುತ್ತದೆ. ಅದೂ ಒಂದೇಟಿಗಲ್ಲ. ಇಲಿಯ ಭ್ರೂಣದಲ್ಲಿ ಹದಿನಾರು ಕೋಶಗಳಿರುವಾಗ ಹೊರಗಿನದನ್ನು ಒಳಕ್ಕೆ ಸರಿಸಿದರೆ ಅದು ಮರುಮಾತಿಲ್ಲದೆ ಒಳಗಿನವರ ಕಸುಬನ್ನು ಹಿಡಿಯುತ್ತದೆ. ಹಣೆಯೇ ಇನ್ನೂ ಮೂಡದವರಿಗೆ ಹಣೆಬರಹ ಬರೆಯುವಾಗ ಬ್ರಹ್ಮನೂ ಪೆನ್ಸಿಲ್ಲಿನಲ್ಲೇ ಬರೆಯುತ್ತಾನೆ. ಶ್ವೇತಭವನದವರು ಮಾತ್ರ ಶಾಯಿಯಲ್ಲಿ ಬರೆದರು.

ಅರವತ್ತಕ್ಕೂ ಹೆಚ್ಚು ಕೋಶಸಂತತಿಗಳು (ಒಂದೊಂದು ಭ್ರೂಣದಿಂದ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸುತ್ತಲೇ ಇರುವ ಕೋಶಗಳ ವಂಶಗಳು) ಈಗಾಗಲೇ ಇವೆ, ಅಷ್ಟು ಸಾಕು ಎಂಬುದು ಬುಷ್ ಅವರ ಸಮಾಧಾನ. ಅದೇ ತಿಂಗಳ ಕೊನೆಗೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಪಟ್ಟಿ ಹೊರಡಿಸಿತು: ಹತ್ತು ಸಂಸ್ಥೆಗಳು, 64 ಸಂತತಿಗಳು. ಅದರಲ್ಲಿ ಏಳು ಮುಂಬೈಯ ರಿಲಯನ್ಸ್ ಲೈಫ್ ಸೈನ್ಸಸ್‌ನವು. ಮೂರು, ಆಶ್ಚರ್ಯ ಬೇಡ, ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು. ವಾಷಿಂಗ್ಟನ್ನಿನ ರಾತ್ರಿ ಒಂಬತ್ತು ಎಂದರೆ ಇಲ್ಲಿ ಶುಕ್ರವಾರ ಬೆಳಗಿನ ಆರೂವರೆ. ರಾಹುಕಾಲಕ್ಕೆ ಇನ್ನೂ ನಾಲ್ಕು ಗಂಟೆ ಬಾಕಿ. ಊರಿನ ಫಿಲ್ಟರುಗಳಲ್ಲಿ ಡಿಕಾಕ್ಷನ್ ಇಳಿಯುತ್ತಿದ್ದ ಹೊತ್ತಿಗೆ, ಹೆಬ್ಬಾಳದಾಚೆಯ ಮೂರು ಕೋಶಸಂತತಿಗಳು ತಮಗೇ ತಿಳಿಯದಂತೆ ಮಡಿಯಾಗಿಬಿಟ್ಟಿದ್ದವು.

ಅರವತ್ತನಾಲ್ಕು ವಿದ್ಯೆಗಳಂತೆ ಈ ಅರವತ್ತನಾಲ್ಕೂ ಕಾಗದದ ಮೇಲೆ ಚೆನ್ನಾಗಿದ್ದವು. ಮುಂದೆ ಪಟ್ಟಿ 78ಕ್ಕೆ ಬೆಳೆಯಿತು. ಸಂಶೋಧಕರ ಕೈಗೆ ನಿಜವಾಗಿ ಸಿಕ್ಕವು ಇಪ್ಪತ್ತೊಂದೋ ಇಪ್ಪತ್ತೆರಡೋ. ಅವುಗಳನ್ನು ಬೆಳೆಸಿದ್ದು ಇಲಿಯ ಕೋಶಗಳ ಹಾಸಿಗೆಯ ಮೇಲೆ. ಮನುಷ್ಯನ ಮೈ ತಾನಾಗಿ ತಯಾರಿಸದ ಒಂದು ಸಕ್ಕರೆ ಇಂಥ ಕೋಶಗಳಿಗೆ ಅಂಟಿಕೊಂಡಿದೆ ಎಂದು ಕ್ಯಾಲಿಫೋರ್ನಿಯಾದವರು 2005ರಲ್ಲಿ ತೋರಿಸಿದರು. ಮಡಿಯ ಕೋಶಗಳು ಇಲಿಯ ಎಂಜಲು ತಿಂದು ಬೆಳೆದಿದ್ದವು!

ಒಂಬತ್ತರ ನಂತರದ ಕೋಶಗಳನ್ನು ಖಾಸಗಿ ಹಣದಲ್ಲಿ ಬೆಳೆಸಲು ಅಡ್ಡಿಯಿರಲಿಲ್ಲ. ಸರ್ಕಾರದ ಕಾಸು ಸೋಕಬಾರದು, ಅಷ್ಟೇ. ಹೀಗಾಗಿ ಸೂಕ್ಷ್ಮದರ್ಶಕ ಎರಡು, ಫ್ರೀಜರ್ ಎರಡು, ಲೆಕ್ಕದ ಪುಸ್ತಕ ಎರಡು. ಯಾವುದು ಯಾರ ದುಡ್ಡಿನದು ಎಂದು ಗುರುತಿಸಲು ಬಣ್ಣದ ಚೀಟಿಗಳು. ನಮ್ಮಜ್ಜಿ ಮಡಿಸೀರೆಯನ್ನು ಕೋಲಿನಿಂದ ಎತ್ತಿ ಗಳುವಿನ ಮೇಲೆ ಹರವುತ್ತಿದ್ದರು. ಮೊಮ್ಮಕ್ಕಳ ಬೆರಳು ತಗುಲಿದರೆ ಸೀರೆ ಮತ್ತೆ ನೀರಿಗೆ. ಜೀವವಿಜ್ಞಾನದ ಗಂಧವಿಲ್ಲದ ಆಕೆ ಅಮೆರಿಕದ ಆ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರೆ ಅಲ್ಲಿನ ವ್ಯವಸ್ಥೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಬಹುಶಃ ಒಂದೆರಡು ಲೋಪಗಳನ್ನೂ ಎತ್ತಿ ತೋರಿಸುತ್ತಿದ್ದರು.

ಇತ್ತ ಅಮೆರಿಕದ ಸಂತಾನ ಚಿಕಿತ್ಸಾಲಯಗಳ ಶೈತ್ಯಾಗಾರಗಳಲ್ಲಿ ಸುಮಾರು ನಾಲ್ಕು ಲಕ್ಷ ಭ್ರೂಣಗಳಿವೆ ಎಂದು 2003ರಲ್ಲಿ ಪ್ರಕಟವಾದ ಎಣಿಕೆ ಹೇಳಿತು. ಬೇಡವಾದವನ್ನು ಕಸಕ್ಕೆ ಎಸೆಯಲು ಯಾವ ಮುಹೂರ್ತವನ್ನೂ ಯಾರೂ ಇಟ್ಟಿರಲಿಲ್ಲ.

2009ರ ಮಾರ್ಚ್ 9ರಂದು ಒಬಾಮ ಆ ಗಡಿಯಾರವನ್ನು ಕೆಳಗಿಳಿಸಿದರು. ಒಡನೆ ಕೋರ್ಟು. ವಿರೋಧಿಗಳು ಭ್ರೂಣಗಳ ಹೆಸರಿನಲ್ಲೂ ದಾವೆ ಹೂಡಿದ್ದರು. ಭ್ರೂಣಗಳಿಗೆ ಆ ಅರ್ಹತೆಯಿಲ್ಲ ಎಂದಾಯಿತು. ಕೊನೆಗೆ ಉಳಿದವರು ವಯಸ್ಕ ಕಾಂಡಕೋಶಗಳ, ಎಂದರೆ ಭ್ರೂಣದಿಂದಲ್ಲದೆ ಬೆಳೆದ ಮೈಯಿಂದ ತೆಗೆದವುಗಳ, ಮೇಲೆ ಕೆಲಸ ಮಾಡುವ ಇಬ್ಬರು ವಿಜ್ಞಾನಿಗಳು. ಹೊಸಬರು ಬಂದರೆ ಅನುದಾನಕ್ಕೆ ಪೈಪೋಟಿ ಹೆಚ್ಚುತ್ತದೆ ಎಂಬುದು ಅವರ ತಕರಾರು. ಆ ತಕರಾರು ಕೋರ್ಟಿನಲ್ಲಿ ಊರ್ಜಿತವಾಯಿತು. 2010ರ ಆಗಸ್ಟ್ 23ರಂದು ನ್ಯಾಯಾಧೀಶರು ಅನುದಾನಕ್ಕೇ ತಡೆ ಕೊಟ್ಟಾಗ, ಬುಷ್ ಮುಹೂರ್ತದಲ್ಲಿ ಶುದ್ಧವಾಗಿದ್ದ ಹಳೆಯ ಕೋಶಗಳಿಗೂ ಮೈಲಿಗೆ ತಟ್ಟಿತು. ಮೇಲಿನ ಕೋರ್ಟು ತಾತ್ಕಾಲಿಕವಾಗಿ ಸೂತಕ ಕಳೆದದ್ದು ಹದಿನೇಳು ದಿನಗಳ ಮೇಲೆ, ಸೆಪ್ಟೆಂಬರ್ 9ರಂದು. ಪಂಚಾಂಗ ತೆಗೆದು ನೋಡಿದೆ: ಅಂದೂ ಗುರುವಾರವೇ.