ಸದ್ದಿಲ್ಲದೆ ಬೆಟ್ಟ ಹತ್ತುವ ಕಷ್ಟ

ಭಾನುವಾರ ಗದ್ದಲ ಬೇಡ ಎನ್ನುವ ಮೈಸೂರು-ಮಂಡ್ಯದವರಿಗೆ ಶ್ರೀರಂಗಪಟ್ಟಣದ ಪಕ್ಕದ ಕರೀಘಟ್ಟ ಹೇಳಿ ಮಾಡಿಸಿದ ಜಾಗ. ಬುಡದಲ್ಲಿ ಲೋಕಪಾವನಿ ಹೊಳೆ, ನೆತ್ತಿಯಲ್ಲಿ ಶ್ರೀನಿವಾಸನ ಗುಡಿ. ಕಾರು ಮೇಲಿನವರೆಗೂ ಹೋಗುತ್ತದೆ. ಅದಕ್ಕೇ ಹೊಳೆ ಪಕ್ಕ ನಡೆದು ಮೆಟ್ಟಿಲು ಹತ್ತುವವರಿಗೆ ಒಂಥರಾ ಬಿಗುಮಾನ. ಆ ಬಿಗುಮಾನ ಮೊದಲು ಕಳಚುವುದು ಕಾಲಿನ ಕಡೆಯಿಂದ.

ನಾಲ್ಕೈದು ವರ್ಷ ಅಟ್ಟದ ಮೇಲಿದ್ದ ಶೂ ನೋಡುವುದಕ್ಕೆ ಹೊಸದೇ. ಆದರೆ ಅದರ ಮೆತ್ತನೆಯ ಪಾಲಿಯುರೆಥೇನ್ ಅಟ್ಟೆ ಗಾಳಿಯ ತೇವ ಕುಡಿದು ಒಳಗೊಳಗೇ ಪುಡಿಯಾಗಿರುತ್ತದೆ. ಹೊಳೆಯ ಮರಳು ದಾಟುವಷ್ಟರಲ್ಲಿ ಬಾಯಿ ಬಿಟ್ಟು ಚಪ್ ಚಪ್ ಎಂದು ಮಾತಿಗಿಳಿಯುತ್ತದೆ. ಹೊರಡುವ ಮುಂಚೆ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಬೇಕು; ಬಿರುಕು ಕಂಡರೆ ಮತ್ತೆ ಅಟ್ಟಕ್ಕೆ. ದಾರಿಯಲ್ಲಿ ಕಿತ್ತರೆ ಗಮ್ಮು ನಂಬಬೇಡಿ, ಪುಡಿಗೆ ಪುಡಿ ಅಂಟುವುದಿಲ್ಲ. ಜೇಬಿನಲ್ಲಿ ಒಂದು ಹೆಚ್ಚುವರಿ ಲೇಸ್ ಇದ್ದರೆ ಶೂ ಮೂತಿಗೆ ಮೂರು ಸುತ್ತು ಸುತ್ತಿ ಗಂಟು ಮೇಲ್ಗಡೆಗೆ ಹಾಕಬಹುದು. ಗಂಟು ಅಡಿಗೆ ಬಂದರೆ ಮೆಟ್ಟಿಲ ಮೇಲೆ ಭರತನಾಟ್ಯ.

ದಾರಿ ಕೇಳಿದಿರೋ, "ಇಲ್ಲೇ ಕನಣ್ಣ, ಒಂದು ಕೂಗಳತೆ, ನೆಟ್ಟಗೆ ಹೋಗ್ಬುಡಿ" ಎಂಬ ಉತ್ತರ ಸಿಗುತ್ತದೆ. ಕೂಗುವವರು ಹೊಲದ ಜನ ಅನ್ನುವುದನ್ನು ಮರೆಯಬಾರದು. ಅವರ ಒಂದು ಕೂಗು ನಮ್ಮ ಅರ್ಧ ಬಾಟಲಿ ನೀರು. ತಲೆಗೆ ಎರಡು ಲೀಟರ್ ಇರಲಿ. ಮಾರ್ಚ್ ನಂತರವಾದರೆ ಮೂರು.

ಪೊದೆ ಸಂದಿಯಲ್ಲಿ ಕಂದು ಬಣ್ಣದ, ಮಖಮಲ್ಲಿನಂಥ ಕಾಯಿ ಜೋತಾಡುತ್ತಿದ್ದರೆ ಸವರಿ ನೋಡಬೇಡಿ. ಅದು ನಸಗುನ್ನಿ. ಕೂದಲಿನಂಥ ಸಣ್ಣ ಮುಳ್ಳು ಚರ್ಮಕ್ಕೆ ನಾಟಿದ ಕ್ಷಣದಿಂದ ತುರಿಕೆ. ಉಜ್ಜಿದರೆ ಇನ್ನೂ ಒಳಕ್ಕಿಳಿಯುತ್ತದೆ, ಉಜ್ಜಿದ ಕೈಗೂ ಪಾಲು ಸಿಗುತ್ತದೆ. ಗಮ್ ಟೇಪ್ ಒತ್ತಿ ಎಳೆದು ಮುಳ್ಳು ತೆಗೆದ ಮೇಲೆ ಸೋಪು ಹಾಕಿ ತೊಳೆಯಬೇಕು. ಮೌನವ್ರತ ಹಿಡಿದವರೂ ಇಲ್ಲಿ ಬಾಯಿ ತೆರೆಯುತ್ತಾರೆ, ಆ ಪದಗಳನ್ನು ಬರೆಯುವಂತಿಲ್ಲ.

1792ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಈ ಗುಡ್ಡದ ಮೇಲೂ ಲಗ್ಗೆ ಹಾಕಿತ್ತು. ಈಗ ಆ ಕೆಲಸ ಕೋತಿಗಳದು. ಅವಕ್ಕೆ ವಾಸನೆಗಿಂತ ಮೊದಲು ಸಿಗುವುದು ಸದ್ದು: ಪ್ಲಾಸ್ಟಿಕ್ ಕವರ್ ಸರಸರ ಅಂದರೆ ತಿಂಡಿ ಎಂಬ ಪಾಠ ನಾವೇ ಕಲಿಸಿದ್ದು. ಕವರ್‌ನಲ್ಲಿರುವುದು ಒದ್ದೆ ಕಾಲುಚೀಲ ಎಂದು ವಾದಿಸಿ ಪ್ರಯೋಜನವಿಲ್ಲ. ಬಟ್ಟೆ ಚೀಲದಲ್ಲಿ ಡಬ್ಬಿ ಇಟ್ಟು ಬ್ಯಾಗಿನ ತಳಕ್ಕೆ ಹಾಕುವುದೊಂದೇ ದಾರಿ.

ಡಬ್ಬಿಯಲ್ಲಿ ಮೊಸರನ್ನವಿದ್ದರೆ ಬೆಳಿಗ್ಗೆಯೇ ಮೊಸರು ಸುರಿಯಬೇಡಿ, ಹನ್ನೊಂದಕ್ಕೆಲ್ಲ ಹುಳಿ ಹಲ್ಲಿಗೇರುತ್ತದೆ. ಒಂದು ಪಾವು ಅಕ್ಕಿಯ ಮೆತ್ತನೆ ಅನ್ನಕ್ಕೆ ಅರ್ಧ ಲೀಟರ್ ಹಾಲು, ಎರಡೇ ಚಮಚ ಮೊಸರು. ಉಗುರುಬೆಚ್ಚಗಿರುವಾಗ ಕಲಸಿದರೆ ದಾರಿಯಲ್ಲೇ ಹೆಪ್ಪಾಗುತ್ತದೆ. ಮೇಲೆ ಹೋಗಿ ಕಾವೇರಿಗೆ ಲೋಕಪಾವನಿ ಸೇರುವುದನ್ನು ನೋಡುತ್ತಾ ತಿನ್ನಬಹುದು. ಸ್ಟೀಲ್ ಮುಚ್ಚಳದ ಟಣ್ ಸದ್ದಿನ ಅರ್ಥ ಕೋತಿಗಳಿಗೆ ಇನ್ನೂ ಗೊತ್ತಾಗಿಲ್ಲದಿದ್ದರೆ.

ಇಳಿಯುವಾಗ ಹೆಬ್ಬೆರಳು ಶೂ ಮೂತಿಗೆ ಗುದ್ದಿ ಉಗುರು ಕಪ್ಪಾಗುತ್ತದೆ. ಕಣಕಾಲ ಬಳಿ ಲೇಸ್ ಬಿಗಿ ಮಾಡಬೇಕು, ಉಗುರನ್ನು ಮುಂಚೆಯೇ ಕತ್ತರಿಸಿರಬೇಕು. ಶನಿವಾರ ಕತ್ತರಿಸಿದರೆ ಅಜ್ಜಿ ಬೈಯುತ್ತಾರೆ, ಶುಕ್ರವಾರ ಲಕ್ಷ್ಮಿ ಹೋಗುತ್ತಾಳೆ. ಹಾಗಾಗಿ ಭಾನುವಾರದ ಬೆಟ್ಟ ಶುರುವಾಗುವುದು ಗುರುವಾರ, ಅದೂ ದೀಪ ಹಚ್ಚುವುದರೊಳಗೆ.